ಗಂಡಿಲ್ಲ, ಆದರೂ ಮೊಟ್ಟೆ!

ಪ್ರಶ್ನೆ: ನಾವಿರುವುದು ಡಲ್ಲಾಸಿನಲ್ಲಿ. ಮಗಳು ಸಾಕಿರುವ ಎರಡು ಹೆಣ್ಣು ಲೆಪರ್ಡ್ ಗೆಕ್ಕೊ ಹಲ್ಲಿಗಳಲ್ಲಿ ಒಂದು ಮೊನ್ನೆ ಪೊರೆ ಬಿಟ್ಟಿತು. ಈಗ ಹುಳ ತಿನ್ನದೆ ಮೂಲೆ ಕೆರೆಯುತ್ತಿದೆ. ಹೊಟ್ಟೆಯ ಚರ್ಮದಡಿ ಎರಡು ಬಿಳಿ ಉಬ್ಬು ಕಾಣುತ್ತವೆ. ಕಾಯಿಲೆಯೇ?

ಉತ್ತರ: ಕಾಯಿಲೆಯಲ್ಲ ಕಣಮ್ಮಾ, ಮೊಟ್ಟೆ. ಹುಂಜವಿಲ್ಲದೆ ಕೋಳಿ ಇಡುವುದಿಲ್ಲವೇ, ಹಾಗೆಯೇ. ಮರಿಯಾಗುವುದಿಲ್ಲ ಅಷ್ಟೇ. ನೀವು ತರುವ ಮುಂಚೆ ಗಂಡಿನ ಜೊತೆ ಇದ್ದಿದ್ದರೆ ಬೇರೆ ಮಾತು, ಅದರ ವೀರ್ಯ ಒಳಗೆ ಉಳಿದಿರಬಹುದು.

ಒಂದು ಡಬ್ಬಿಗೆ ಹಲ್ಲಿ ನುಸುಳುವಷ್ಟು ಬಾಗಿಲು ಕೊರೆದು, ಒದ್ದೆ ತೆಂಗಿನ ನಾರಿನ ಪುಡಿ ತುಂಬಿಡಿ. ಅಲ್ಲೇ ಅಗೆದು ಇಡುತ್ತದೆ, ಸಾಮಾನ್ಯವಾಗಿ 2. ಪೊರೆ ಬಿಡಲೂ ಅದೇ ಡಬ್ಬಿ ಸಾಕು. ನಾವು ಸಾಕಿದ್ದ ಹಲ್ಲಿ ತಾನು ಬಿಟ್ಟ ಪೊರೆಯನ್ನೆಲ್ಲ ತಿಂದು ಮುಗಿಸುತ್ತಿತ್ತು, ಜಿಪುಣಿ! ಹಾಗಾಗಿ ಪೊರೆ ಸಿಗದಿದ್ದರೆ ಗಾಬರಿ ಬೇಡ. ಕಾಲ್ಬೆರಳು ಮಾತ್ರ ನೋಡಿ. ಅಲ್ಲಿ ಉಳಿದ ಪೊರೆ ಬಿಗಿದು ರಕ್ತ ನಿಂತರೆ ಬೆರಳೇ ಉದುರುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಹತ್ತಿಯಿಂದ ಮೆಲ್ಲಗೆ ಬಿಡಿಸಿ. ಒಣಗಿದ್ದಾಗ ಸುಮ್ನೆ ಕೀಳಬೇಡಿ.

ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ. ಇಲ್ಲದಿದ್ದರೆ ಮೊಟ್ಟೆಗೆ ಬೇಕಾದ ಸುಣ್ಣ ಅದರ ಮೂಳೆಯಿಂದಲೇ ಹೋಗುತ್ತದೆ. ತಿಣುಕಿದರೂ ಮೊಟ್ಟೆ ಬರದೆ ಸೊರಗಿ ಮಲಗಿದರೆ, ಹಲ್ಲಿ ಹಾವು ನೋಡುವ ಪಶುವೈದ್ಯರ ಹತ್ತಿರ ಅವತ್ತೇ ಒಯ್ಯಿರಿ.