25 ಕೋಟಿಯ ಓಣಂ ಬಂಪರ್: ಘಟ್ಟದ ಮೇಲಿನ ಪ್ರಶ್ನೆಗೆ ಕಾಸರಗೋಡಿನ ಉತ್ತರ

ಕೇರಳಕ್ಕೆ ಬಂದು ಇಲ್ಲಿನ ಸರಕಾರಿ ಲಾಟರಿಯ ಬಂಪರ್ ಟಿಕೆಟ್ ತೆಗೆದುಕೊಂಡು, ಅದು ಹೊಡೆದೇಬಿಟ್ಟರೆ ಕರ್ನಾಟಕದವರಿಗೂ ದುಡ್ಡು ಕೊಡುತ್ತಾರಾ ಎಂದು ಕೇಳಿದ್ದೀರಿ. ಕೊಡುತ್ತಾರೆ. 2024ರ ತಿರುವೋಣಂ ಬಂಪರಿನ, ಅಂದರೆ ಓಣಂ ಬಂಪರಿನ, ಮೊದಲ ಬಹುಮಾನ ಹೋದದ್ದೇ ಮಂಡ್ಯ ಜಿಲ್ಲೆಗೆ. ಟಿಕೆಟ್ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಅದರ ಹಿಂದಿನ ವರ್ಷದ್ದು ತಮಿಳುನಾಡಿನವರ ಪಾಲಾಗಿತ್ತು. ಹೀಗೆ ಹೊರ ರಾಜ್ಯದವರಿಗೆ ಹೊಡೆಯುವುದು ಹೊಸತೇನಲ್ಲ. ಆದರೆ ಟಿಕೆಟಿನ ಮೇಲೆ ಅಚ್ಚಾದ ಆ 25 ಕೋಟಿ ಇದುವರೆಗೆ ಯಾರ ಕೈಗೂ ಇಡಿಯಾಗಿ ಬಂದಿಲ್ಲ.

ನಿಮ್ಮಲ್ಲಿ 2007ರಲ್ಲಿ ಲಾಟರಿ ನಿಂತುಹೋಯಿತು. ಹಾಗಾಗಿ ಈಗಿನ ಹುಡುಗರಿಗೆ ಇದು ಹೇಗೆ ನಡೆಯುತ್ತದೆ ಎಂಬ ಅಂದಾಜೇ ಇಲ್ಲ. ಇಲ್ಲಿ ಅದು ದಿನಬಳಕೆಯ ವಸ್ತು. ಮಲಯಾಳದಲ್ಲಿ 'ಭಾಗ್ಯಕ್ಕುರಿ' ಎಂದು ಹೆಸರು, ಮಾತಿನಲ್ಲಿ ಎಲ್ಲರಿಗೂ ಲಾಟರಿಯೇ. ಕೇರಳ ಸರಕಾರ 1967ರಲ್ಲಿ ಶುರು ಮಾಡಿದಾಗ ಟಿಕೆಟಿಗೆ 1 ರೂಪಾಯಿ, ಮೊದಲ ಬಹುಮಾನ 50 ಸಾವಿರ. ಮೊದಲ ಡ್ರಾ 1968ರ ಜನವರಿ 26ಕ್ಕೆ. ಈಗ ವಾರದ ಏಳೂ ದಿನ ಒಂದೊಂದು ಹೆಸರಿನ ಟಿಕೆಟ್ ಇದೆ: ಮಂಗಳವಾರ ಸ್ತ್ರೀಶಕ್ತಿ, ಗುರುವಾರ ಕಾರುಣ್ಯ ಪ್ಲಸ್, ಶನಿವಾರ ಕಾರುಣ್ಯ, ಹೀಗೆ. 50 ರೂಪಾಯಿಯ ಟಿಕೆಟು, 1 ಕೋಟಿಯ ಮೊದಲ ಬಹುಮಾನ, ಮಧ್ಯಾಹ್ನ 3 ಗಂಟೆಗೆ ತಿರುವನಂತಪುರದ ಗೋರ್ಕಿ ಭವನದಲ್ಲಿ ಡ್ರಾ. ಇದರ ಮೇಲೆ ವರ್ಷಕ್ಕೆ ಆರು ಬಂಪರ್: ಕ್ರಿಸ್ಮಸ್, ಸಮ್ಮರ್, ವಿಷು, ಮಾನ್ಸೂನ್, ತಿರುವೋಣಂ, ಪೂಜಾ. ಇವುಗಳಲ್ಲಿ ಹಿರಿಯದು ತಿರುವೋಣಂ. ಟಿಕೆಟಿಗೆ 500 ರೂಪಾಯಿ. 2022ರಿಂದ ಮೊದಲ ಬಹುಮಾನ 25 ಕೋಟಿ. 1 ಕೋಟಿಯ ಎರಡನೇ ಬಹುಮಾನ 20 ಮಂದಿಗೆ.

ಉಪ್ಪಳ, ಮಂಜೇಶ್ವರ, ಕುಂಬಳೆ ಬಸ್‌ಸ್ಟ್ಯಾಂಡುಗಳಲ್ಲಿ ನಿಂತರೆ ಕ್ಲಿಪ್ ಹಾಕಿದ ಟಿಕೆಟುಗಳ ಬೋರ್ಡ್ ಹಿಡಿದವರು ಕಾಣುತ್ತಾರೆ. ವಯಸ್ಸಾದವರು, ಕಾಲು ಸ್ವಾಧೀನವಿಲ್ಲದವರು, ಒಂಟಿ ಹೆಂಗಸರು ಇದನ್ನೇ ನಂಬಿ ಬದುಕುತ್ತಾರೆ. ಸ್ಪೀಕರ್ ಕಟ್ಟಿದ ಸೈಕಲ್ಲಿನಿಂದ 'ನಾಳೆಯಾಣ್, ನಾಳೆಯಾಣ್' ಎಂಬ ಕೂಗು ಬಂದರೆ ಡ್ರಾ ನಾಳೆ ಎಂದರ್ಥ. ಕೊಳ್ಳುವವರು ಬೋರ್ಡಿನ ಮುಂದೆ ಹುಡುಕುವುದು ಕೊನೆಯ ನಾಲ್ಕು ಅಂಕಿಯನ್ನು; ಸಣ್ಣ ಬಹುಮಾನಗಳೆಲ್ಲ ಅದರ ಮೇಲೇ. ಇನ್ನೂರೋ ಐನೂರೋ ಹೊಡೆದವರು ಹಣ ತೆಗೆದುಕೊಂಡು ಹೋಗುವುದು ಅಪರೂಪ, ಅಷ್ಟಕ್ಕೂ ಟಿಕೆಟೇ ಕೊಡಿ ಎನ್ನುತ್ತಾರೆ. ಮಾರುವವರ ನಿಜವಾದ ವ್ಯಾಪಾರ ನಿಂತಿರುವುದು ಇದರ ಮೇಲೆ.

ಈಗ ಟಿಕೆಟನ್ನೇ ಕೈಯಲ್ಲಿ ಹಿಡಿದು ನೋಡಿ. ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಆರು ಅಂಕಿ. ಓಣಂ ಬಂಪರಿಗೆ ಅಕ್ಷರದ ಸೀರೀಸ್ ಹತ್ತು. ಟಿಎ, ಟಿಬಿ, ಟಿಸಿ ಹೀಗೆ. ಅದೇ ಆರಂಕಿ ಬೇರೆ ಒಂಬತ್ತು ಸೀರೀಸಿನಲ್ಲೂ ಇರುತ್ತದೆ. ಆ ಒಂಬತ್ತಕ್ಕೆ ತಲಾ 5 ಲಕ್ಷದ ಸಮಾಧಾನಕರ ಬಹುಮಾನ. ಅಂಕಿ ಎಲ್ಲ ಕೂಡಿಬಂದು ಅಕ್ಷರ ಒಂದು ತಪ್ಪಿದರೆ 25 ಕೋಟಿ ಹೋಗಿ ಬರೀ 5 ಲಕ್ಷವಾಗುತ್ತದೆ. ಅಕ್ಷರ ನೋಡದೆ ಪಟಾಕಿ ಹೊಡೆಯಬಾರದು. 75 ಲಕ್ಷ ಟಿಕೆಟ್ ಖರ್ಚಾದರೆ ನಿಮ್ಮದು ಅದರಲ್ಲಿ ಒಂದು. ಕಾಸರಗೋಡು ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 13 ಲಕ್ಷ ಇತ್ತು. ಇಂಥ ಐದಾರು ಜಿಲ್ಲೆಯ ಜನರನ್ನು ಒಂದೇ ಗದ್ದೆಯಲ್ಲಿ ನಿಲ್ಲಿಸಿ ಒಬ್ಬರನ್ನು ಕರೆದ ಹಾಗೆ.

ಟಿಕೆಟಿನ ಬೆನ್ನಿಗೆ ಹೆಸರು, ವಿಳಾಸ, ಸಹಿಗೆ ಜಾಗ ಇದೆ. ಬಹಳ ಮಂದಿ ಅದನ್ನು ಖಾಲಿ ಬಿಡುತ್ತಾರೆ. ಸಹಿ ಇಲ್ಲದ ಟಿಕೆಟ್ ನೋಟಿನ ಹಾಗೆ: ಯಾರ ಕೈಯಲ್ಲಿದೆಯೋ ಅವರದ್ದು. ಕೊಂಡ ಕೂಡಲೇ ಬರೆಯಿರಿ. ಎರಡೂ ಬದಿಯ ಫೋಟೋ ತೆಗೆದಿಡಿ, ಆದರೆ ಬಾರ್‌ಕೋಡ್ ಕಾಣುವ ಫೋಟೋವನ್ನು ಸ್ಟೇಟಸ್ಸಿಗೆ ಹಾಕಬೇಡಿ. ಲ್ಯಾಮಿನೇಷನ್ ಮಾಡಿಸುವ ಬುದ್ಧಿವಂತರೂ ಇದ್ದಾರೆ. ಕಾಗದ ತಪಾಸಣೆಗೆ ಹೋಗಬೇಕು, ಪ್ಲಾಸ್ಟಿಕ್ ಕೀಳುವಾಗ ಅಂಕಿಯೇ ಕಿತ್ತು ಬಂದರೆ ಗತಿ ಇಲ್ಲ. ಒಂದು ಪ್ಲಾಸ್ಟಿಕ್ ಕವರಿನೊಳಗೆ, ಮಡಿಸದೆ ಇಟ್ಟರೆ ಸಾಕು.

ಹೊಡೆಯಿತು ಎಂದಿಟ್ಟುಕೊಳ್ಳಿ. ಟಿವಿಯಲ್ಲಿ ಬಂದದ್ದನ್ನು ಕೇರಳ ಸರಕಾರದ ಗೆಜೆಟಿನಲ್ಲಿ ಬಂದ ಫಲಿತಾಂಶದೊಂದಿಗೆ ತಾಳೆ ನೋಡಬೇಕು, ಕಾನೂನಿಗೆ ಲೆಕ್ಕ ಅದೇ. ಡ್ರಾ ಆದ ದಿನದಿಂದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ಸಣ್ಣ ಮೊತ್ತ ಅಂಗಡಿಯಲ್ಲೇ ಸಿಗುತ್ತದೆ, ಅದಕ್ಕೂ ಮೇಲಿನದು ಜಿಲ್ಲಾ ಲಾಟರಿ ಕಚೇರಿಯಲ್ಲಿ, ದೊಡ್ಡದು ತಿರುವನಂತಪುರದ ವಿಕಾಸ್ ಭವನದಲ್ಲಿರುವ ಲಾಟರಿ ನಿರ್ದೇಶನಾಲಯದಲ್ಲಿ. ಕಾಸರಗೋಡಿನಿಂದ ಅಲ್ಲಿಗೆ ವಂದೇ ಭಾರತ್‌ನಲ್ಲೇ 8 ಗಂಟೆ. 25 ಕೋಟಿಯ ಕಾಗದ ಜೇಬಿನಲ್ಲಿಟ್ಟುಕೊಂಡು ಅಷ್ಟು ದೂರ ಹೋಗಬೇಕೆಂದಿಲ್ಲ. ರಾಷ್ಟ್ರೀಕೃತ ಬ್ಯಾಂಕಿಗೆ ಟಿಕೆಟ್ ಒಪ್ಪಿಸಿ ರಶೀದಿ ಪಡೆದರೆ ಅವರೇ ಕಳಿಸುತ್ತಾರೆ. ದೊಡ್ಡ ಬಹುಮಾನ ಬಂದವರು ಸಾಮಾನ್ಯವಾಗಿ ಮಾಡುವುದು ಇದನ್ನೇ. ಬ್ಯಾಂಕಿನೊಳಗೆ ಕಾಲಿಡುವ ಮೊದಲು ಯಾರಿಗೂ ಹೇಳದಿರುವುದು ಒಳ್ಳೆಯದು. ಮಾರಿದ ಏಜೆಂಟಿನ ಊರು ಡ್ರಾ ಆದ ದಿನವೇ ಹೊರಬೀಳುವುದರಿಂದ ಸಂಜೆಯೊಳಗೆ ಕ್ಯಾಮರಾ ಹಿಡಿದವರು ಆ ಪೇಟೆಯಲ್ಲಿರುತ್ತಾರೆ.

ಬೇಕಾದ ಕಾಗದ: ಅರ್ಜಿ, ಟಿಕೆಟಿನ ಎರಡೂ ಬದಿಯ ಸ್ವಯಂ ದೃಢೀಕರಿಸಿದ ಪ್ರತಿ, ಗೆಜೆಟೆಡ್ ಅಧಿಕಾರಿ ಅಥವಾ ನೋಟರಿ ದೃಢೀಕರಿಸಿದ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋ, 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ ಹಾಕಿದ ರಶೀದಿ, ಗುರುತಿನ ಚೀಟಿ, ಪ್ಯಾನ್. ಹೊರ ರಾಜ್ಯದವರಿಗೆ ಇದರ ಮೇಲೆ ಇನ್ನೊಂದು: ನೀವು ಕೇರಳಕ್ಕೆ ಏಕೆ ಬಂದಿದ್ದಿರಿ ಎಂದು ಬರೆದುಕೊಡಬೇಕು. ಕೇರಳದ ಟಿಕೆಟನ್ನು ಕೇರಳದೊಳಗೆ ಮಾತ್ರ ಮಾರಬಹುದು. ನಿಮ್ಮದು ಕಳ್ಳದಾರಿಯಲ್ಲಿ ಗಡಿ ದಾಟಿದ ಟಿಕೆಟಲ್ಲ ಎಂದು ಅವರಿಗೆ ಗೊತ್ತಾಗಬೇಕು.

ಇಲ್ಲಿ ಗಡಿನಾಡಿನವರಿಗೇ ಬರುವ ತೊಡಕೊಂದಿದೆ: ಹೆಸರು. ಕೇರಳದ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ ಬಂದಿದ್ದರೆ ಕರ್ನಾಟಕದ ದಾಖಲೆಯಲ್ಲಿ ಮೊದಲಿಗೆ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಬೇರೆಯದೇ ಆಗಿರುತ್ತದೆ. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಇಲ್ಲದಿದ್ದರೆ 30 ದಿನದಲ್ಲಿ ಹತ್ತು ದಿನ ಅಫಿಡವಿಟ್ಟಿಗೇ ಹೋಗುತ್ತದೆ. ಟಿಕೆಟಿನ ಬೆನ್ನಿಗೆ ಪ್ಯಾನಿನಲ್ಲಿರುವ ಹಾಗೆಯೇ ಹೆಸರು ಬರೆಯಿರಿ, ಮನೆಯಲ್ಲಿ ಕರೆಯುವ ಹೆಸರನ್ನಲ್ಲ.

ಇನ್ನು ದುಡ್ಡಿನ ಲೆಕ್ಕ. 2024ರ ಬಂಪರನ್ನೇ ತೆಗೆದುಕೊಳ್ಳೋಣ. 25 ಕೋಟಿಯಲ್ಲಿ 10% ಏಜೆಂಟ್ ಕಮಿಷನ್, 2.5 ಕೋಟಿ ಅಲ್ಲೇ ಹೋಯಿತು. ಉಳಿದ 22.5 ಕೋಟಿಗೆ 30% ತೆರಿಗೆ, ಅಂದರೆ 6.75 ಕೋಟಿಯನ್ನು ಕೊಡುವಾಗಲೇ ಹಿಡಿದುಕೊಳ್ಳುತ್ತಾರೆ. ಬ್ಯಾಂಕ್ ಖಾತೆಗೆ ಬೀಳುವುದು 15.75 ಕೋಟಿ. ಎಲ್ಲರೂ ಮೋಸ ಹೋಗುವುದು ಇಲ್ಲಿಯೇ, ತೆರಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಆ 6.75 ಕೋಟಿ ತೆರಿಗೆಯ ಮೇಲೆ ಸರ್‌ಚಾರ್ಜ್, ಅಂದರೆ ದೊಡ್ಡ ಆದಾಯಕ್ಕೆ ಬೀಳುವ ಹೆಚ್ಚುವರಿ ತೆರಿಗೆ ಇದೆ, ಎರಡರ ಮೇಲೆ 4% ಸೆಸ್ ಇದೆ. ಅದನ್ನು ಯಾರೂ ಹಿಡಿದುಕೊಂಡಿರುವುದಿಲ್ಲ, ನೀವೇ ಕಟ್ಟಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಸರ್‌ಚಾರ್ಜ್ 37%. ಸೆಸ್ ಸೇರಿ ಇನ್ನೂ 2 ಕೋಟಿ 86 ಲಕ್ಷ 74 ಸಾವಿರ. ಕೊನೆಗೆ ಉಳಿಯುವುದು 12 ಕೋಟಿ 88 ಲಕ್ಷ. ಪತ್ರಿಕೆಗಳಲ್ಲಿ ಬರುವ ಅಂಕಿ ಇದೇ. ಹೊಸ ಪದ್ಧತಿಯಲ್ಲಿ ಸರ್‌ಚಾರ್ಜ್ 25% ದಾಟುವುದಿಲ್ಲ. ಆಗ ಉಳಿಯುವುದು 13 ಕೋಟಿ 72 ಲಕ್ಷ. ಯಾವ ಪದ್ಧತಿ ಎಂಬ ಒಂದು ಟಿಕ್ ಮಾರ್ಕಿಗೆ 84 ಲಕ್ಷದ ವ್ಯತ್ಯಾಸ. ಲೆಕ್ಕಪರಿಶೋಧಕರಿಗೆ ಕೊಡುವ ಫೀಸು ಇದರ ಮುಂದೆ ಏನೂ ಅಲ್ಲ.

ಈ ಬಾಕಿಯನ್ನು ರಿಟರ್ನ್ ಸಲ್ಲಿಸುವಾಗ ನೋಡಿಕೊಳ್ಳೋಣ ಎಂದರೂ ಪೆಟ್ಟು. ಮುಂಗಡ ತೆರಿಗೆಯ ಕಂತು ಡಿಸೆಂಬರ್ 15ಕ್ಕೂ ಮಾರ್ಚ್ 15ಕ್ಕೂ ಇರುತ್ತದೆ. ತಪ್ಪಿಸಿದರೆ ತಿಂಗಳಿಗೆ 1% ಬಡ್ಡಿ. ಓಣಂ ಬಂಪರಿನ ಹಣ ಬಂದ ದಿನವೇ 3 ಕೋಟಿಯನ್ನು ಬೇರೆ ಖಾತೆಗೆ ಹಾಕಿ ಅದು ನಿಮ್ಮದಲ್ಲ ಎಂದುಕೊಳ್ಳಬೇಕು. 15 ಕೋಟಿ ಇದೆಯೆಂದು ಮನೆ, ಜಾಗ, ಕಾರು ಎಲ್ಲಕ್ಕೂ ಅಡ್ವಾನ್ಸ್ ಕೊಟ್ಟವರು ಆಮೇಲೆ ಆ ಜಾಗವನ್ನೇ ಅಡವಿಡಬೇಕಾಗುತ್ತದೆ. ದೇವಸ್ಥಾನಕ್ಕೆ ಕೊಟ್ಟರೆ ತೆರಿಗೆ ಇಳಿಯುತ್ತದೆ ಎಂದು ಹೇಳುವವರೂ ಬರುತ್ತಾರೆ. ಲಾಟರಿ ಆದಾಯಕ್ಕೆ ಯಾವ ವಿನಾಯಿತಿಯೂ ತಗಲುವುದಿಲ್ಲ. ಕೊಡುವುದಾದರೆ ಕೊಡಿ, ತೆರಿಗೆಯ ಆಸೆಗೆ ಬೇಡ.

ಪಾಲು ಹಾಕಿ ಕೊಳ್ಳುವುದು ಇಲ್ಲಿ ಬಹಳ ಸಾಮಾನ್ಯ. 2023ರ ಮಾನ್ಸೂನ್ ಬಂಪರಿನ 10 ಕೋಟಿ ಹೊಡೆದದ್ದು ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಹೆಂಗಸರಿಗೆ. 250 ರೂಪಾಯಿಯ ಟಿಕೆಟನ್ನು ಪಾಲು ಹಾಕಿ ಕೊಂಡಿದ್ದರು. ಪಾಲಿಗೆ ತೆರಿಗೆಯಲ್ಲೂ ಅನುಕೂಲ ಇದೆ. ಕಮಿಷನ್ ಕಳೆದ 9 ಕೋಟಿ ಹನ್ನೊಂದು ಪಾಲಾದರೆ ಒಬ್ಬೊಬ್ಬರಿಗೆ 82 ಲಕ್ಷದ ಹತ್ತಿರ. ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ಸರ್‌ಚಾರ್ಜ್ 10%ಕ್ಕೇ ನಿಲ್ಲುತ್ತದೆ. ಆದರೆ ಪಾಲು ಇತ್ತು ಎಂಬುದಕ್ಕೆ ಕಾಗದ ಬೇಕು. ಕೊಂಡ ದಿನವೇ ಟಿಕೆಟಿನ ಫೋಟೋ, ಯಾರ ಪಾಲು ಎಷ್ಟು ಎಂಬ ಸಾಲು, ಎರಡನ್ನೂ ಎಲ್ಲರಿಗೂ ವಾಟ್ಸ್‌ಆ್ಯಪ್ ಮಾಡಿಬಿಡಿ. ಹೊಡೆದ ಮೇಲೆ ಎಲ್ಲರೂ ಸೇರಿ ಸ್ಟಾಂಪ್ ಪೇಪರಿನಲ್ಲಿ ಜಂಟಿ ಹೇಳಿಕೆ ಬರೆದುಕೊಡಿ. ಒಬ್ಬನ ಹೆಸರಿಗೆ ಪೂರ್ತಿ ಹಣ ಬಂದು ಆಮೇಲೆ ಹಂಚಿದರೆ ಹೆಚ್ಚಿನ ತೆರಿಗೆಯೂ ಅವನ ತಲೆಗೆ, ಗೆಳೆಯರಿಗೆ ಕೊಟ್ಟ 50 ಸಾವಿರ ಮೀರಿದ ಹಣ ಅವರ ಆದಾಯವಾಗಿ ಇನ್ನೊಮ್ಮೆ ತೆರಿಗೆಗೆ. ಅಣ್ಣತಮ್ಮ, ಅಕ್ಕತಂಗಿ, ಅಪ್ಪಅಮ್ಮಂದಿರಿಗೆ ಕೊಟ್ಟರೆ ಆ ತೊಂದರೆ ಇಲ್ಲ.

ಕೈಗೆ ಬಂದ ಮೇಲೆ ಏನು ಮಾಡುವುದು? 12.88 ಕೋಟಿಯನ್ನು 6.5% ಬಡ್ಡಿಗೆ ಇಟ್ಟರೆ ವರ್ಷಕ್ಕೆ 83 ಲಕ್ಷ ಚಿಲ್ಲರೆ, ತಿಂಗಳಿಗೆ ಸುಮಾರು 7 ಲಕ್ಷ, ಅದಕ್ಕೂ ತೆರಿಗೆ ಇದೆ. ಬ್ಯಾಂಕ್ ಮುಳುಗಿದರೆ ವಿಮೆ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕೆ ಮಾತ್ರ. ಹಾಗಾಗಿ ಅರ್ಧ ಶೇಕಡ ಜಾಸ್ತಿ ಕೊಡುವ ಸೊಸೈಟಿಯ ಆಸೆ ಬಿಟ್ಟು ಎರಡು ಮೂರು ದೊಡ್ಡ ಬ್ಯಾಂಕುಗಳಿಗೆ ಹಂಚುವುದು ಕ್ಷೇಮ. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ತೆರೆದು 91, 182, 364 ದಿನದ ಟ್ರೆಷರಿ ಬಿಲ್ ಎಂಬ ಸರಕಾರಿ ಸಾಲಪತ್ರ ಕೊಂಡರೆ ಹಣ ನೇರ ಸರಕಾರದ ಹತ್ತಿರ. ಮೊದಲ ವರ್ಷ ಇಷ್ಟೇ ಮಾಡಿ ಸುಮ್ಮನಿರುವುದು ಸಾಕೆಂದು ನನ್ನ ಅಭಿಪ್ರಾಯ.

ಇಲ್ಲಿನವರ ಕನಸು ಅಡಕೆ ತೋಟ. ಅದರಲ್ಲಿ ಎರಡು ರಾಜ್ಯದ ಕಾನೂನು ಬೇರೆ ಬೇರೆ. ಕೇರಳದಲ್ಲಿ ಎರಡರಿಂದ ಐದು ಮಂದಿಯ ಕುಟುಂಬಕ್ಕೆ ಭೂಮಿತಿ ಹೆಚ್ಚೆಂದರೆ 15 ಎಕರೆ. ರಬ್ಬರು, ಕಾಫಿ, ಏಲಕ್ಕಿ ಪ್ಲಾಂಟೇಶನ್ ಎಂದು ವಿನಾಯಿತಿ ಪಡೆಯುತ್ತವೆ. ಅಡಕೆಗೂ ತೆಂಗಿಗೂ ಆ ವಿನಾಯಿತಿ ಇಲ್ಲ. ರಿಜಿಸ್ಟ್ರೇಶನ್ನಿಗೆ ಸ್ಟಾಂಪ್ 8%, ಫೀಸು 2%. ಕೋಟಿಯ ಜಾಗಕ್ಕೆ 10 ಲಕ್ಷ ಕಾಗದಕ್ಕೇ. ಕರ್ನಾಟಕದಲ್ಲಿ ಸ್ಟಾಂಪ್ 5%, ಫೀಸು ಬೇರೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧ 2020ರಲ್ಲಿ ಹೋಯಿತು. ಆದ್ದರಿಂದ ಕಾಸರಗೋಡಿನ ಪೆರ್ಲದಲ್ಲಿ ಹುಡುಕುವವರು ಪುತ್ತೂರು, ಸುಳ್ಯದ ಕಡೆಯೂ ನೋಡುತ್ತಾರೆ.

ಸಾಲ ಕೇಳುವವರ ವಿಷಯ ಹೇಳಲೇಬೇಕು. 2022ರಲ್ಲಿ 25 ಕೋಟಿ ಗೆದ್ದವರು ವಾರದೊಳಗೆ, ಮನೆಯಲ್ಲಿ ಇರಲಾಗುತ್ತಿಲ್ಲ, ಇದು ಹೊಡೆಯದಿದ್ದರೇ ಚೆನ್ನಾಗಿತ್ತು ಎಂದು ಟಿವಿಯವರ ಮುಂದೆ ಹೇಳಿದ್ದರು. ಆಮೇಲೆ ಕೇರಳ ಸರಕಾರ ಗೆದ್ದವರಿಗೆ ಹಣ ನಿಭಾಯಿಸುವ ತರಬೇತಿಯನ್ನೇ ಆರಂಭಿಸಿತು. ನಮ್ಮ ಕಡೆಯಾದರೆ ಬ್ರಹ್ಮಕಲಶೋತ್ಸವ, ಕಳಿಯಾಟ, ಹರಕೆಯ ಬಯಲಾಟ ಎಂದು ರಶೀದಿ ಪುಸ್ತಕಗಳು ಸಾಲಾಗಿ ಬರುತ್ತವೆ. ಹಣ ಎಲ್ಲ ಎಫ್‌ಡಿಯಲ್ಲಿದೆ, ವರ್ಷ ಕಳೆಯದೆ ತೆಗೆಯಲು ಆಗುವುದಿಲ್ಲ ಎಂಬ ಉತ್ತರಕ್ಕೆ ಎದುರು ಮಾತು ಕಡಿಮೆ.

ವಂಚನೆಗಳಲ್ಲಿ ನಿಮ್ಮ ಕಡೆಗೆ ಹೆಚ್ಚು ಬರುವುದು ವಾಟ್ಸ್‌ಆ್ಯಪ್ ಟಿಕೆಟ್. ಕೇರಳ ಲಾಟರಿ ಕಾಗದದ್ದು ಮಾತ್ರ. ಆನ್‌ಲೈನ್ ಮಾರಾಟವೇ ಇಲ್ಲ. ಟಿಕೆಟಿನ ಫೋಟೋ ಕಳಿಸಿ, ಎರಡು ದಿನ ಬಿಟ್ಟು ನಿಮಗೆ ಹೊಡೆದಿದೆ, ಜಿಎಸ್‌ಟಿ ಮೊದಲು ಕಟ್ಟಿ ಎಂದರೆ ಅದು ಕಳ್ಳರದ್ದು. ನಿಜವಾದ ಬಹುಮಾನಕ್ಕೆ ಮುಂಗಡವಾಗಿ ಒಂದು ಪೈಸೆಯೂ ಕಟ್ಟುವುದಿಲ್ಲ. ಇನ್ನೊಂದು ಮೂರಂಕಿಯ 'ಬರೆಯುವ ಲಾಟರಿ'. ಸರಕಾರಿ ಫಲಿತಾಂಶದ ಕೊನೆಯ ಮೂರಂಕಿಯ ಮೇಲೆ ಚೀಟಿಯಲ್ಲಿ ಪಂಥ ಕಟ್ಟಿಸುತ್ತಾರೆ, ಅದು ಮಟ್ಕಾವೇ. ಗೆದ್ದ ಟಿಕೆಟಿಗೆ ನಗದು ಜಾಸ್ತಿ ಕೊಡುತ್ತೇವೆ ಎಂದು ಬರುವವರು ಕಪ್ಪು ಹಣ ಬಿಳಿ ಮಾಡಲು ಬಂದವರು. ಅವರೊಂದಿಗೆ ನೀವೂ ಕೇಸಿನಲ್ಲಿ ಸಿಕ್ಕಿಬೀಳುತ್ತೀರಿ.

ಕೊನೆಗೆ, ಎಲ್ಲಿ ಕೊಳ್ಳಬೇಕೆಂದು ಕೇಳಿದ್ದೀರಿ. ಮಂಗಳೂರಿನಿಂದ ಕಾಸರಗೋಡಿನ ಬಸ್ ಹತ್ತಿ ತಲಪಾಡಿ ದಾಟಿ ಮಂಜೇಶ್ವರದಲ್ಲಿ ಇಳಿದರೆ ಸಾಕು. ಏಜೆನ್ಸಿಯ ಸೀಲು ಬೆನ್ನಿಗಿರುವ ಟಿಕೆಟನ್ನೇ ಕೇಳಿ. ನಿಮಗೆಂದು ಒಂದೆರಡು ಕೊಂಡುಹೋಗುವುದಕ್ಕೆ ಅಡ್ಡಿಯಿಲ್ಲ. ಊರಿಗೆ ಒಯ್ದು ಮಾರಿದರೆ ಅಲ್ಲಿನ ಪೊಲೀಸರು ಹಿಡಿಯುತ್ತಾರೆ. ಬಂದುಹೋದ ಬಸ್ಸಿನ ಟಿಕೆಟನ್ನು ಮಾತ್ರ ಎಸೆಯಬೇಡಿ, ಬಂಪರಿನ ಜೊತೆ ಅದೇ ಕವರಿನಲ್ಲಿಡಿ.