ಬಾನೆಟ್ ಒಳಗೆ ಕೂತ್ರೆ ಸಾಕಾ?

ಪ್ರಶ್ನೆ: ಸರ್, ನನ್ನ ಹತ್ರ ಹಳೇ ಫೋರ್ ವೀಲ್ ಡ್ರೈವ್ ಜೀಪಿದೆ, ಮುಂದೆ ಹಿಂದೆ ಎರಡೂ ಕಡೆ ಸಾಲಿಡ್ ಆಕ್ಸಲ್ (ಎಡ ಬಲ ಚಕ್ರ ಸೇರಿಸೋ ಒಂದೇ ಗಟ್ಟಿ ಅಡ್ಡ ತೊಲೆ), ಲೀಫ್ ಸ್ಪ್ರಿಂಗು (ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗು). ನಾಲ್ಕು ಸಿಲಿಂಡರ್ ಇಂಜಿನ್ ತೆಗೆದು ಆರು ಸಿಲಿಂಡರ್ ಡೀಸೆಲ್ ಹಾಕೋಣ ಅಂತಿದ್ದೀನಿ. ಟೇಪ್ ಹಿಡಿದು ನೋಡ್ದೆ, ಬಾನೆಟ್ ಒಳಗೆ ಕೂರುತ್ತೆ, ಆಯಿಲ್ ಸಂಪ್‌ಗೂ (ಇಂಜಿನ್ ತಳದ ಆಯಿಲ್ ತೊಟ್ಟಿ) ಆಕ್ಸಲ್‌ಗೂ ಮಧ್ಯೆ 3 ಇಂಚು ಗ್ಯಾಪ್ ಸಿಗುತ್ತೆ. ಸಾಲದಿದ್ರೆ ಗಾಡಿ ಎತ್ತರ ಮಾಡೋಕ್ಕೆ 2 ಇಂಚು ಲಿಫ್ಟ್ ಹಾಕ್ಸು ಅಂತಾನೆ ಫ್ರೆಂಡು. ಇಂಜಿನ್ ಕೂರೋ ಮೌಂಟಿಂಗ್ ವೆಲ್ಡ್ ಮಾಡಿಸ್ಬಿಡ್ಲಾ?

ಉತ್ತರ: ಸ್ವಲ್ಪ ತಡೀರಿ. ನೀವು ಅಳೆದಿರೋದು ಗಾಡಿ ಸುಮ್ನೆ ನಿಂತಿರೋವಾಗಿನ ಗ್ಯಾಪು. ಗುಂಡಿಗೆ ಧಡ್ ಅಂತ ಇಳಿದಾಗ ಆಕ್ಸಲ್ಲು ಅದನ್ನ ತಡೆಯೋ ಬಂಪ್ ಸ್ಟಾಪ್ ರಬ್ಬರ್‌ಗೆ ಹೊಡೆಯೋ ತನಕ ಮೇಲೆ ಬರುತ್ತೆ, ಅದೇನಾದ್ರೂ 4 ಇಂಚು ಬಂತು ಅಂದ್ರೆ ನಿಮ್ಮ 3 ಇಂಚು ಎಲ್ಲಿ ಉಳೀತು, ಸಂಪ್ ಒಡೆದು ಆಯಿಲ್ಲೆಲ್ಲಾ ನೆಲದ ಪಾಲು.

ಫ್ರೆಂಡ್ ಹೇಳಿದ ಲಿಫ್ಟಲ್ಲಿ ಒಂದು ಮೋಸ ಇದೆ. ಸ್ಪ್ರಿಂಗ್ ಎತ್ತರ ಮಾಡಿದ್ರೆ ನಿಂತಾಗ ಗ್ಯಾಪ್ ಜಾಸ್ತಿ ಕಾಣುತ್ತೆ ನಿಜ, ಆದ್ರೆ ಬಂಪ್ ಸ್ಟಾಪ್ ಹಳೇದೇ ಇದ್ರೆ ಆಕ್ಸಲ್ ಮೊದಲು ಎಲ್ಲಿ ತನಕ ಬರ್ತಿತ್ತೋ ಈಗ್ಲೂ ಅಲ್ಲಿ ತನಕಾನೇ ಬರುತ್ತೆ. ಬಂಪ್ ಸ್ಟಾಪನ್ನೂ ಉದ್ದ ಮಾಡ್ಬೇಕು, ಹಾಗ್ ಮಾಡಿದ್ರೆ ಮೇಲಕ್ಕೆ ಬರೋ ಟ್ರಾವೆಲ್ ಅಷ್ಟು ಕಮ್ಮಿ ಆಗುತ್ತೆ, ಬಿಟ್ಟಿ ಏನೂ ಸಿಗಲ್ಲ. ಮೇಲಾಗಿ ಹೊಸ ಇಂಜಿನ್ ಭಾರ ಜಾಸ್ತಿ, ಹಳೇ ಸ್ಪ್ರಿಂಗು ಅದರ ಕೆಳಗೆ ಕುಸಿದೇ ಕುಸಿಯುತ್ತೆ.

ಹೀಗ್ ಮಾಡಿ. ಚಾಸಿಸ್‌ನ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರ್ಸಿ, ಮುಂದಿನ ಸ್ಪ್ರಿಂಗಲ್ಲಿ ಮೇನ್ ಲೀಫ್ ಒಂದನ್ನ ಬಿಟ್ಟು ಉಳಿದ ಪಟ್ಟಿ ತೆಗೀರಿ, ಆಗ ಜಾಕ್ ಕೊಟ್ರೆ ಆಕ್ಸಲ್ ಸಲೀಸಾಗಿ ಸ್ಟಾಪ್ ತನಕ ಏರುತ್ತೆ, ತನ್ನ ದಾರೀಲೇ ಏರುತ್ತೆ. ಆ ದಾರಿ ನೆಟ್ಟಗಿರಲ್ಲ, ಶ್ಯಾಕಲ್ (ಸ್ಪ್ರಿಂಗ್ ತುದೀಲಿ ಓಲಾಡೋ ಕೊಂಡಿ) ಹಿಂದಿದ್ರೆ ಆಕ್ಸಲ್ ಮೇಲೇರ್ತಾ ಸ್ವಲ್ಪ ಹಿಂದಕ್ಕೂ ಸರಿಯುತ್ತೆ, ಅಂದ್ರೆ ಸಂಪ್ ಕಡೆಗೇ. ಹಾಗೆ ಎತ್ತಿಟ್ಟು ಖಾಲಿ ಇಂಜಿನ್ ಬ್ಲಾಕಿಗೆ ಸಂಪ್ ಬಿಗಿದು ನೇತುಹಾಕಿ ನೋಡಿ. ಅಷ್ಟಾದ್ಮೇಲೂ 1 ಇಂಚಾದ್ರೂ ಉಳೀಬೇಕು, ಯಾಕಂದ್ರೆ ರಬ್ಬರ್ ಮೌಂಟಿಂಗ್ ಮೇಲೆ ಇಂಜಿನ್ನೂ ಕುಣಿಯುತ್ತೆ. ಆಮೇಲೆ ಒಂದು ಚಕ್ರ ಪೂರ್ತಿ ಮೇಲೆ, ಇನ್ನೊಂದು ಪೂರ್ತಿ ಕೆಳಗೆ ಬಿಟ್ಟು, ಸ್ಟೇರಿಂಗನ್ನ ಎರಡೂ ಕಡೆ ಕೊನೇ ತನಕ ತಿರುಗ್ಸಿ. ಆಕ್ಸಲ್ ಮೇಲಿನ ಡಿಫ್ರೆನ್ಶಿಯಲ್ ಗುಂಡು, ಸ್ಟೇರಿಂಗಿನ ಟೈ ರಾಡು, ಆಕ್ಸಲ್‌ಗೆ ಶಕ್ತಿ ಒಯ್ಯೋ ಮುಂದಿನ ಪ್ರೊಪೆಲ್ಲರ್ ಶಾಫ್ಟು, ಎಲ್ಲೂ ತಾಗಲ್ವಾ ಅಂತ ಎಲ್ಲಾ ಆಗ ನೋಡಿ. ನಾನೊಂದ್ಸಲ ಸಂಪ್ ಒಂದನ್ನೇ ನೋಡ್ಕೊಂಡು ಖುಷಿಯಾಗಿ ವೆಲ್ಡ್ ಮಾಡ್ಸಿದ್ದೆ, ಮೊದಲನೇ ಏರಲ್ಲೇ ಶಾಫ್ಟು ಹೋಗಿ ಸೆಲ್ಫ್ ಮೋಟರ್‌ಗೆ ಉಜ್ತು.

ತಾಗ್ತಿದ್ರೆ ತಕ್ಷಣ ಇಂಜಿನ್ ಎತ್ತೋಕ್ಕೆ ಹೋಗ್ಬೇಡಿ. ಅದೇ ಇಂಜಿನ್ನಿಗೆ ಆಳದ ಭಾಗ ಹಿಂದಕ್ಕಿರೋ ಬೇರೆ ಸಂಪ್ ಸಿಗುತ್ತಾ ವಿಚಾರ್ಸಿ, ಜೊತೆಗೆ ಅದರಿಂದ ಆಯಿಲ್ ಹೀರೋ ಪಿಕಪ್ ಪೈಪೂ ಬೇಕು. ಇಂಜಿನ್ ಎತ್ತಿದ್ರೆ ಭಾರ ಮೇಲಕ್ಕೆ ಹೋಗಿ ಓರೆ ದಾರೀಲಿ ಗಾಡಿ ವಾಲೋದು ಜಾಸ್ತಿ, ಹಿಂದಕ್ಕೆ ತಳ್ಳಿದ್ರೆ ಹಿಂದಿನ ಶಾಫ್ಟ್ ಗಿಡ್ಡ ಆಗಿ ಜಾಯಿಂಟ್ ಆಂಗಲ್ ಕೆಡುತ್ತೆ. ಫ್ಯಾನು ರೇಡಿಯೇಟರ್‌ಗೆ ತಾಗೋದೊಂದೇ ತೊಂದ್ರೆ ಆದ್ರೆ ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿ ಮುಗಿಸಿ.