ಕುಶಾಲನಗರದ ಮೆಷಿನ್ ಕಂಪನಿಯಲ್ಲಿ ನಮ್ಮಣ್ಣ 8 ವರ್ಷದಿಂದ ಫಿಟ್ಟರ್. ‘ರೀಸ್ಟ್ರಕ್ಚರಿಂಗ್’ (ಕಂಪನಿಯ ಪುನರ್‌ರಚನೆ) ಅಂತ ರಾಜೀನಾಮೆ ಕೇಳ್ತಿದ್ದಾರೆ. ಕೊಡಬೇಕಾ?

ಸುಮ್ನೆ ಸಹಿ ಹಾಕಬೇಡಿ ಅಂತ ಅಣ್ಣನಿಗೆ ಹೇಳಿ. ‘ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ’ ಅಂತ ಒಂದು ಸಾಲು ಬರೆದುಕೊಟ್ಟರೆ ಕಂಪನಿಗೆ ಖರ್ಚು ಉಳಿಯುತ್ತದೆ. ಅದಕ್ಕೇ ಈ ಅವಸರ! ಅವರೇ ತೆಗೆದರೆ ಒಂದು ತಿಂಗಳ ಲಿಖಿತ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ವರ್ಷಕ್ಕೂ 15 ದಿನದ ಸಂಬಳ ಪರಿಹಾರ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಇಡಿಗಂಟು, ಬೇರೆ. ತಿಂಗಳಿಗೆ ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 26,000 ಇದ್ದರೆ ವರ್ಷಕ್ಕೆ 15,000ದಂತೆ 8 ವರ್ಷಕ್ಕೆ 1,20,000 ರೂಪಾಯಿ. 5 ವರ್ಷ ದಾಟಿದೆಯಲ್ವಾ, ಇದು ರಾಜೀನಾಮೆ ಕೊಟ್ಟರೂ ಸಿಗುತ್ತದೆ.

ಸಾಮಾನ್ಯವಾಗಿ ಅದೇ ಕೆಲಸಕ್ಕೆ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಹೊಸಬರನ್ನು ಉಳಿಸಿಕೊಂಡಿದ್ದರೆ ಕಾರಣ ಕೇಳಿ. ಒತ್ತಾಯ ಜಾಸ್ತಿಯಾದರೆ ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡಿ. ಸಂಬಳದ ಚೀಟಿ, ನೇಮಕಾತಿ ಪತ್ರದ ಜೆರಾಕ್ಸ್ ಜೊತೆಗಿರಲಿ.